ಅರಿಶಿನದ ಹಾಲು, ಅರ್ಧ ವಿಡಿಯೋ

"ಏ ಸೈಂಟಿಸ್ಟ್! ನಮ್ಮಜ್ಜಿ ತಲೆ ಜೊತೆ ಆಟ ಆಡೋಕೆ ನಿನಗೆ ಲೈಸೆನ್ಸ್ ಕೊಟ್ಟಿದ್ದು ಯಾರು?"

ಹೀರೋ ಎಂಟ್ರಿ ಅಂದ್ರೆ ಹೀಗಿರ್ಬೇಕು. ಸಾಂತಾಕ್ರೂಜ್‌ನ ನಮ್ಮ ಬಿಲ್ಡಿಂಗ್ ಗೇಟಲ್ಲಿ, ವಾಚ್‌ಮನ್ ಎದುರಿಗೇ ಧಾತ್ರೀನ ತಡೆದು ನಿಲ್ಸಿದೆ. ಮೂರನೇ ಮಹಡಿ ಹುಡುಗಿ, ಲ್ಯಾಬಲ್ಲಿ ಅರಿಶಿನದ ಮೇಲೆ ರಿಸರ್ಚ್ ಮಾಡ್ತಾಳೆ. ಅವಳು ಸಿಗ್ತಾಳೇನೋ ಅಂತಲೇ ಲಿಫ್ಟಲ್ಲಿ ಮೇಲೆ ಕೆಳಗೆ ಓಡಾಡಿದವನು ನಾನು. ಇವತ್ತು ಮಾತ್ರ ಅವಳೇ ವಿಲನ್.

"ಏನೋ ಅಚಿಂತ್ಯ, ಮತ್ತೆ ಪ್ರ್ಯಾಂಕಾ?"

"ಪ್ರ್ಯಾಂಕ್ ಮಾಡಿದ್ದು ನೀನು! ಹಳದಿ-ಕುಂಕು ದಿನ, ಅರಿಶಿನ-ಕುಂಕುಮಕ್ಕೆ ಸೇರಿದ್ದ ಹೆಂಗಸರ ಮುಂದೆ ಅರಿಶಿನದಿಂದ ಮರೆವಿನ ಕಾಯಿಲೆ ಹೋಗತ್ತೆ ಅಂದ್ಯಂತೆ. ಅಲ್ಜೈಮರ್ಸ್ ಇರೋ ಅಜ್ಜಿಗೆ ಅಮ್ಮ ಮಾತ್ರೆ ನಿಲ್ಸಿ ಬರೀ ಅರಿಶಿನದ ಹಾಲು ಕೊಡ್ತಿದಾರೆ. ಬೆಳಿಗ್ಗೆ ಅಜ್ಜಿ ನನ್ನನ್ನ ಕೇಬಲ್‌ನವನು ಅಂದ್ಕೊಂಡು ಬೈದು ಓಡಿಸಿದ್ರು!"

ಸೊಸೈಟಿ ವಾಟ್ಸಾಪ್ ಗ್ರೂಪಿಗೆ ಬಂದಿದ್ದ ವಿಡಿಯೋನ ಮೊಬೈಲಲ್ಲಿ ತೋರಿಸ್ದೆ. ಅವಳ ಮೂಗಿನ ತುದಿ ಕೆಂಪಾಯ್ತು. ಎಷ್ಟು ಚೆಂದ... ಥೂ, ಕೋಪ ಮಾಡ್ಕೋಬೇಕಾದವನು ನಾನು!

"ಇದು ಅರ್ಧ ವಿಡಿಯೋ ಕಣೋ ಮಂಗ! 'ಇದೆಲ್ಲಾ ಇಲಿಗಳಲ್ಲಿ ನೋಡಿದ್ದು, ಮನುಷ್ಯರಲ್ಲಿ ಸಾಬೀತಾಗಿಲ್ಲ, ಮಾತ್ರೆ ಬಿಡಬೇಡಿ' ಅಂದಿದ್ದನ್ನೆಲ್ಲಾ ಕತ್ತರಿಸಿದಾರೆ. ನಿಮ್ಮಜ್ಜಿ ಇಲೀನಾ? ಯಾರು ಗ್ರೂಪಿಗೆ ಹಾಕಿದ್ದು?"

ಸೊಸೈಟಿ ಸೆಕ್ರೆಟರಿ ತಿರುಮಲೇಶ ಅಂಕಲ್. ವಿಡಿಯೋ ಕೆಳಗೇ ಅವರು ಮಾರೋ ಅರಿಶಿನ ಪುಡಿ ಜಾಹೀರಾತು. ನನ್ನ ಮೈಯೆಲ್ಲಾ ಉರಿದುಹೋಯ್ತು.

"ಅವರ ಗ್ರಹಚಾರ ಆಮೇಲೆ ಬಿಡಿಸೋಣ. ಮೊದಲು ನಿಮ್ಮಮ್ಮ," ಅಂತ ತೋಳು ಹಿಡಿದು ನನ್ನನ್ನ ಎಳ್ಕೊಂಡು ಹೋದ್ಲು.

ನಮ್ಮನೇಲಿ ಅಮ್ಮಂಗೆ ತನ್ನ ಫೋನಲ್ಲಿದ್ದ ಪೂರ್ತಿ ವಿಡಿಯೋ ತೋರಿಸಿದ್ಲು. ಅಮ್ಮ ಸೆರಗಲ್ಲಿ ಕಣ್ಣೊರೆಸ್ಕೊಂಡ್ರು. "ಮಾತ್ರೆಯಿಂದ್ಲೂ ವಾಸಿಯಾಗಲ್ಲ ಅಂತ ಡಾಕ್ಟರೇ ಹೇಳಿದಾರಮ್ಮ. ಏನೋ ಒಂದು ಆಸೆ..."

"ನಿಜ ಆಂಟಿ. ಆದ್ರೂ ಮಾತ್ರೆ ತಗೊಂಡ್ರೆ ಇನ್ನೂ ಸ್ವಲ್ಪ ದಿನ ಅಜ್ಜಿ ನೆನಪನ್ನ ನಮ್ಮ ಕಡೆ ಹಿಡಿದಿಡಬಹುದು. ಡಾಕ್ಟರಿಗೆ ಈಗ್ಲೇ ಫೋನ್ ಮಾಡಿ, ಮಾತ್ರೆ ಮತ್ತೆ ಹೇಗೆ ಶುರು ಮಾಡೋದು ಅಂತ ಕೇಳಿ."

ಅಮ್ಮ ಫೋನ್ ತಗೊಂಡು ಒಳಗೆ ಹೋದ್ರು. ಬಾಲ್ಕನಿಯಲ್ಲಿ ನಾವಿಬ್ರೇ. ಡೈಲಾಗ್ ಹೊಡಿಯೋಣ ಅಂತ ಬಾಯಿ ತೆಗೆದೆ. ಬಂದಿದ್ದು ಮಾತ್ರ ಒಂದು ಪ್ರಶ್ನೆ.

"ಅಜ್ಜಿ ನನ್ನನ್ನ ಪೂರ್ತಿ ಮರೆತುಬಿಡ್ತಾರಾ?"

"ಒಂದಿನ... ಮರೀಬಹುದು."

"ಆವತ್ತು ನೀನು ನನ್ನ ಪಕ್ಕ ಇರ್ತೀಯಾ? ನಿನ್ನಾಣೆ ಇದು ಪ್ರ್ಯಾಂಕ್ ಅಲ್ಲ ಧಾತ್ರಿ. ನಂಗೆ ನೀನಂದ್ರೆ ತುಂಬಾ ಇಷ್ಟ."

ಅವಳ ಬೆರಳು ನನ್ನ ಬೆರಳೊಳಗೆ ಸೇರ್ಕೊಂಡ್ವು. "ಅಜ್ಜಿನ ವಾಸಿ ಮಾಡ್ತೀನಿ ಅಂತ ಹೇಳಲ್ಲ. ಇರ್ತೀನಿ ಅಂತ ಹೇಳ್ತೀನಿ." ಆಮೇಲೆ ಹುಬ್ಬು ಹಾರಿಸಿದ್ಲು. "ಈಗ ನಡಿ. ಅಂಕಲ್ ಪೂರ್ತಿ ವಿಡಿಯೋ ಹಾಕೋವರೆಗೂ ಅವರ ಮನೆ ಬೆಲ್ ಒತ್ತೋಣ."

ಕೈ ಬಿಡದೆ ಮೆಟ್ಟಿಲು ಇಳಿದ್ವಿ. ಲಿಫ್ಟಿಗೆ ಕಾಯೋಷ್ಟು ತಾಳ್ಮೆ ಇಬ್ಬರಿಗೂ ಇರಲಿಲ್ಲ.