ಉಂಗುರವಿಲ್ಲದ ಟ್ರಕ್ಕು

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಆಕೆ ಠಾಣೆಗೆ ಬಂದಳು. ಕರೆತಂದ ಕಾರು ಗೇಟಿನ ಹೊರಗೇ ನಿಂತಿತು. ಓಡಿಸುತ್ತಿದ್ದ ಗಂಡಸು ಕೆಳಗಿಳಿಯಲಿಲ್ಲ.

"ಯಾರ ಮೇಲೆ ದೂರು?" ಇನ್ಸ್‌ಪೆಕ್ಟರ್ ಕೇಳಿದರು.

"ಗೊತ್ತಿಲ್ಲ."

"ಏನಂತ ದೂರು?"

"ನನ್ನ ಗಂಡ ತಮ್ಮದೇ ತಪ್ಪಿಂದ ಸತ್ರು ಅಂತ ವರದಿ ಬರೆದಿದ್ದಾರೆ. ಅದು ಸುಳ್ಳು ಅಂತ."

ಇನ್ಸ್‌ಪೆಕ್ಟರಿಗೆ ಪ್ರಕರಣ ನೆನಪಾಯಿತು. ಮೂರು ವಾರಗಳ ಹಿಂದೆ ಊರಾಚೆಯ ಸೇನಾ ತಾಲೀಮು ಕೇಂದ್ರದ ಬಯಲಿನಲ್ಲಿ ಫಿರಂಗಿಯ ಗುಂಡು ಒಂದು ಟ್ರಕ್ಕಿಗೆ ಬಡಿದಿತ್ತು. ಒಳಗಿದ್ದ ತಂತ್ರಜ್ಞ ಸತ್ತಿದ್ದ. ಠಾಣೆಯಲ್ಲಿ ಅಸ್ವಾಭಾವಿಕ ಮರಣ ಎಂದು ದಾಖಲಾಗಿತ್ತು. ಟ್ರಕ್ಕಿನಲ್ಲಿದ್ದ ಸಂಕೇತದ ಪೆಟ್ಟಿಗೆಯ ಸ್ವಿಚ್ಚನ್ನು ಮೃತನೇ ಆಫ್ ಮಾಡಿದ್ದ ಎಂದು ಕೇಂದ್ರದ ಆಂತರಿಕ ವರದಿ ಹೇಳಿತ್ತು. ಫೈಲು ಮುಚ್ಚುವುದೊಂದೇ ಬಾಕಿ.

"ಅವರು ಆಫ್ ಮಾಡಲ್ಲ ಅಂತ ಹೇಗೆ ಹೇಳ್ತೀರಮ್ಮ?"

"ಮನೆ ಬೀಗ ಹಾಕಿ ಎಳೆದು ನೋಡೋರು. ಬೀದಿ ಕೊನೆ ತನಕ ಹೋಗಿ, ವಾಪಸ್ ಬಂದು ಇನ್ನೊಂದ್ಸಲ ಎಳೆಯೋರು. ನಾನು ನಗ್ತಿದ್ದೆ." ಆಕೆ ಈಗ ನಗಲಿಲ್ಲ. "ಆ ಪೆಟ್ಟಿಗೆ ಮಾಡಿದ್ದೇ ಅವರು, ಸಾರ್."

"ಅಲ್ಲಿ ಆಗದವರು ಯಾರಾದ್ರೂ?"

"ಯಾರೂ ಇಲ್ಲ. ನನ್ನ ಅಣ್ಣನೇ ಅಲ್ಲಿ ದೊಡ್ಡವನು. ಅಪ್ಪ ಅಮ್ಮ ಹೋದ ಮೇಲೆ ನನ್ನ ಓದಿಸಿದ್ದು, ಮದುವೆ ಮಾಡಿದ್ದು, ಇವರನ್ನ ಕೆಲಸಕ್ಕೆ ಸೇರಿಸಿದ್ದು, ಎಲ್ಲಾ ಅವನೇ. ಕಾರಲ್ಲಿ ಕೂತಿದ್ದಾನೆ. ದೂರು ಬೇಡ ಅಂದ. ಸತ್ತವರನ್ನ ಯಾಕೆ ಎಳೆದಾಡ್ತೀಯ ಅಂದ. ಆದ್ರೂ ಕರ್ಕೊಂಡು ಬಂದ."

"ಯಜಮಾನರ ವಸ್ತು ಏನಾದ್ರೂ ನಿಮ್ಮ ಕೈಗೆ ಸಿಕ್ತಾ?"

"ಕನ್ನಡಕ. ಟ್ರಕ್ಕಿನೊಳಗೆ ಬಿದ್ದಿತ್ತಂತೆ. ಅವತ್ತು ಸಂಜೆನೇ ಅಣ್ಣ ಹೋಗಿ ಹುಡುಕಿ ತಂದುಕೊಟ್ಟ. ಒಂದು ಕಡೆ ಗಾಜಿಲ್ಲ." ಆಕೆ ಹೊರಗೆ ನಿಂತ ಕಾರಿನ ಕಡೆ ನೋಡಿದಳು. "ಮಗಳಿಗೆ ನಾಲ್ಕು ವರ್ಷ. ನಾಳೆ ಓದೋಕೆ ಕಲೀತಾಳೆ. ಅವಳು ಆ ವರದಿ ಓದಬಾರದು."

ಹೇಳಿಕೆ ಬರೆದುಕೊಂಡು, ಓದಿಹೇಳಿ, ಸಹಿ ಪಡೆದರು. ಹನ್ನೊಂದೂವರೆಗೆ ಎಫ್‌ಐಆರ್ ಆಯಿತು: ನಿರ್ಲಕ್ಷ್ಯದಿಂದ ಸಾವು, ಆರೋಪಿ ಅಪರಿಚಿತ.

ಆಕೆ ಹೋದ ಮೇಲೆ ಇನ್ಸ್‌ಪೆಕ್ಟರ್ ಹೆಡ್ ಕಾನ್‌ಸ್ಟೇಬಲ್ ಕಡೆ ತಿರುಗಿದರು. "ಆ ಟ್ರಕ್ ನಾವು ನೋಡಿದ್ವೇನ್ರೀ?"

"ಇಲ್ಲ ಸಾರ್. ಬಯಲಲ್ಲಿ ಸಿಡೀದೆ ಇರೋ ಗುಂಡು ಬಿದ್ದಿವೆ, ಕಾಲಿಡಬೇಡಿ ಅಂದ್ರು. ಆಸ್ಪತ್ರೆಲೇ ಪಂಚನಾಮೆ ಮುಗಿಸಿದ್ವಿ."

"ಅವರು ಅಂದ್ರು, ನಾವು ಕೇಳಿದ್ವಿ. ಜೀಪ್ ತೆಗೀರಿ."

ತಾಲೀಮು ಕೇಂದ್ರದ ಮುಖ್ಯ ಕೋಣೆಗೆ ಕಿಟಕಿಗಳಿರಲಿಲ್ಲ. ಗೋಡೆಯುದ್ದಕ್ಕೂ ಪರದೆಗಳು, ಅವುಗಳಲ್ಲಿ ಒಂದೇ ಬಯಲಿನ ನಕಾಶೆ. ಅಣ್ಣ ಆಗಲೇ ಬಂದಿದ್ದ. ಐವತ್ತರ ಹತ್ತಿರದವನು, ಇಸ್ತ್ರಿ ಮಾಡಿದ ಅಂಗಿ. ಅಲ್ಲಿ ಎಲ್ಲರೂ ಅವನನ್ನು ಮೇಷ್ಟ್ರು ಎನ್ನುತ್ತಿದ್ದರು.

"ನೀವು ಮಾಡೋ ಕೆಲಸ ನಮಗೆ ಅರ್ಥ ಆಗೋ ಹಾಗೆ ಹೇಳಿ."

"ಸೇನಾಧಿಕಾರಿ ಆಜ್ಞೆ ಕೊಡೋ ಕಂಪ್ಯೂಟರಿಗೆ ಅದರದೇ ಮಾತು. ಅಣಕು ಯುದ್ಧ ನಡೆಸೋ ಕಂಪ್ಯೂಟರಿಗೆ ಇನ್ನೊಂದು. ಬಯಲಲ್ಲಿರೋ ಗಾಡಿಗೆ ಮತ್ತೊಂದು. ಮೊದಲು ಮಧ್ಯೆ ಮನುಷ್ಯರು ಕೂತು ಇಲ್ಲಿಂದ ಅಲ್ಲಿಗೆ ಟೈಪ್ ಮಾಡ್ತಿದ್ರು. ಈಗ ಮೂರಕ್ಕೂ ಒಂದೇ ಭಾಷೆ. ಯಾರು, ಏನು, ಎಲ್ಲಿ, ಯಾವಾಗ, ಯಾಕೆ. ಅಷ್ಟೇ. ತಪ್ಪು ತಿಳ್ಕೊಳ್ಳೋಕೆ ಜಾಗಾನೇ ಇಲ್ಲ. ಹತ್ತೊಂಬತ್ತು ವರ್ಷದ ಕೆಲಸ."

"ನಮ್ಮ ಮನೇಲೂ ಇಬ್ಬರಿಗೂ ಒಂದೇ ಭಾಷೆ ಸಾರ್," ಹೆಡ್ ಕಾನ್‌ಸ್ಟೇಬಲ್ ಹೇಳಿದ. "ಆದ್ರೂ ಯುದ್ಧ ನಿಂತಿಲ್ಲ."

ಮೇಷ್ಟ್ರು ನಗಲಿಲ್ಲ. ಪರದೆಯ ಮೇಲೆ ಬೆರಳಿಟ್ಟು ತೋರಿಸಿದ. ಸಾಲಾಗಿ ಟ್ರಕ್ಕುಗಳ ಚಿತ್ರಗಳಿದ್ದವು. "ಇವು ನೆರಳು. ಪರದೆ ಮೇಲೆ ಮಾತ್ರ ಇರ್ತವೆ. ಬಯಲಲ್ಲಿ ಆ ಜಾಗ ಖಾಲಿ. ಅಲ್ಲಿಗೆ ನಿಜವಾದ ಗುಂಡು ಹಾರಿಸಿ ಗುರಿ ಕಲಿಸ್ತಾರೆ. ನಿಜವಾದ ಗಾಡಿ ಹೋದ್ರೆ ಅದರ ಪೆಟ್ಟಿಗೆ ಸಂಕೇತ ಕಳಿಸುತ್ತೆ, ಚಿತ್ರದ ಸುತ್ತ ಕೆಂಪು ಉಂಗುರ ಬರುತ್ತೆ. ಉಂಗುರ ಇದ್ದ ಕಡೆ ಯಾರೂ ಹಾರಿಸಲ್ಲ. ನೆರಳಿನ ಹತ್ತಿರ ಉಂಗುರ ಸುಳಿದ್ರೆ ಸಾಕು, ಎಲ್ಲಾ ತಾನಾಗೇ ನಿಲ್ಲುತ್ತೆ. ಮನುಷ್ಯ ಹೂಂ ಅನ್ನೋ ತನಕ ಮುಂದೆ ಹೋಗಲ್ಲ."

"ಅವತ್ತು ನಿಲ್ಲಲಿಲ್ಲ."

"ಉಂಗುರ ಬರಲಿಲ್ಲ. ಸ್ವಿಚ್ ಆಫ್ ಇತ್ತು. ಭಾವ ಯಾಕೆ ಹಾಗೆ ಮಾಡಿದ್ರೋ ದೇವರಿಗೇ ಗೊತ್ತು." ಅವನ ಕಣ್ಣು ಒದ್ದೆಯಾಯಿತು.

"ವರದಿ ಬರೆದವರು?"

"ಸಮಿತಿ. ತಾಂತ್ರಿಕ ಭಾಗ ನನ್ನದು. ಬೇರೆ ಯಾರಿಗೆ ಗೊತ್ತಾಗುತ್ತೆ?"

"ಟ್ರಕ್ ನೀವೇ ನೋಡಿದ್ರಾ?"

"ಇಲ್ಲ ಸಾರ್. ಫೋಟೋ ನೋಡಿ ಬರೆದೆ. ಆ ಟ್ರಕ್ಕಿನ ಹತ್ರ ಹೋಗೋಕೆ ನನ್ನಿಂದ ಆಗಲಿಲ್ಲ. ಅವತ್ತು ಆಸ್ಪತ್ರೆಯಿಂದ ಸೀದಾ ತಂಗಿ ಮನೆಗೆ ಹೋದೆ."

ಹೆಡ್ ಕಾನ್‌ಸ್ಟೇಬಲ್‌ನ ಪೆನ್ನು ನಿಂತಿತು. ಇನ್ಸ್‌ಪೆಕ್ಟರ್ ಅವನತ್ತ ನೋಡದೆ, "ಬರ್ಕೊಳ್ರೀ," ಎಂದರು.

ಟ್ರಕ್ಕನ್ನು ಘಟನೆ ನಡೆದ ದಿನವೇ ಬಯಲಿನಿಂದ ಎಳೆದು ತಂದು ಹಿಂಬದಿಯ ಶೆಡ್ಡಿನಲ್ಲಿ ನಿಲ್ಲಿಸಿ ಬೀಗ ಹಾಕಿದ್ದರು. ಹೊರಗಿನ ಗ್ಯಾರೇಜಿನಿಂದ ಇಬ್ಬರು ಪಂಚರನ್ನು ಕರೆಸಿ ಮಧ್ಯಾಹ್ನ ಎರಡಕ್ಕೆ ಪಂಚನಾಮೆ ಶುರುವಾಯಿತು. ಬಲಗಡೆಯ ಬಾಗಿಲಿರಲಿಲ್ಲ. ಸೀಟಿನ ಸ್ಪ್ರಿಂಗುಗಳು ಮಾತ್ರ ಉಳಿದಿದ್ದವು. ಒಳಗೆಲ್ಲ ಹೊಗೆಯ ಮಸಿ. ಸ್ಟಿಯರಿಂಗಿನ ಪಕ್ಕದಲ್ಲಿ ಪೆಟ್ಟಿಗೆ ಇತ್ತು, ಅದರ ಮೇಲೊಂದು ಉದ್ದನೆಯ ಕಬ್ಬಿಣದ ಸ್ವಿಚ್ಚು. ಅದು ಕೆಳಗೆ, ಆಫ್ ಕಡೆ ವಾಲಿತ್ತು.

ಇನ್ಸ್‌ಪೆಕ್ಟರ್ ಟಾರ್ಚು ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಪಂಚರನ್ನು ಹತ್ತಿರ ಕರೆದರು.

"ಇಲ್ಲಿ ಏನು ಕಾಣ್ತಿದೆ ಹೇಳಿ."

"ಮಸಿ ಸಾರ್."

"ಎಲ್ಲಾ ಕಡೆನಾ?"

ಪಂಚರಲ್ಲಿ ಹಿರಿಯವನು ಬಗ್ಗಿದ. "ಸ್ವಿಚ್ಚಿನ ಮೇಲ್ಗಡೆ ಒಂದು ಬೆರಳಷ್ಟು ಜಾಗ ಬೆಳ್ಳಗಿದೆ."

"ಗೋಡೆಯಿಂದ ಫೋಟೋ ತೆಗೆದ್ರೆ ಅದರ ಹಿಂದೆ ಬೆಳ್ಳಗೆ ಉಳಿದಿರುತ್ತಲ್ಲ, ಹಾಗೆ. ಹೊಗೆ ಕೂರುವಾಗ ಸ್ವಿಚ್ಚು ಆ ಜಾಗದ ಮೇಲಿತ್ತು. ಈಗ ಅದು ಮಲಗಿರೋ ಜಾಗ ನೋಡಿ. ಅಡಿಯಲ್ಲೂ ಮಸಿ ಇದೆ. ಟ್ರಕ್ ಉರಿದಾಗ ಸ್ವಿಚ್ ಆನ್ ಇತ್ತು. ಬೆಂಕಿ ಆರಿದ ಮೇಲೆ ಯಾರೋ ಕೆಳಗೆ ಎಳೆದಿದ್ದಾರೆ."

ಹೆಡ್ ಕಾನ್‌ಸ್ಟೇಬಲ್ ಅದನ್ನೇ ಬರೆದುಕೊಂಡ. ಪೆಟ್ಟಿಗೆಯನ್ನು ಬಿಚ್ಚಿ, ಬಟ್ಟೆ ಸುತ್ತಿ, ಅರಗಿನ ಮೊಹರು ಹಾಕಿದರು.

ಶೆಡ್ಡಿನ ಕಾವಲುಗಾರ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದ.

"ಅವತ್ತು ಯಾರನ್ನ ಒಳಗೆ ಬಿಟ್ಟೆ?"

"ಯಾರನ್ನೂ ಇಲ್ಲ ಸಾಹೇಬ್ರೆ. ಡೈರೆಕ್ಟರ್ ಬಂದ್ರೂ ಬಿಡಲ್ಲ ಅಂದಿದ್ದೆ."

"ಯಾರನ್ನೂ?"

"ಯಾರನ್ನೂ ಅಂದ್ರೆ ಯಾರನ್ನೂ. ಸ್ವಂತದವರನ್ನ ಬಿಟ್ಟು. ಮೇಷ್ಟ್ರು ಸಂಜೆ ಬಂದ್ರು, ಪಾಪ, ಭಾವನ ಕನ್ನಡಕ ಹುಡುಕ್ತೀನಪ್ಪ ಅಂದ್ರು. ಹೊರಗೆ ಬಂದಾಗ ಗೋಡೆ ಹಿಡ್ಕೊಂಡು ಅತ್ರು. ನಾನೇ ನೀರು ಕೊಟ್ಟೆ. ಸಂಕಟದಲ್ಲಿರೋನಿಗೆ ಬಾಗಿಲು ಹಾಕೋಕಾಗುತ್ತಾ?"



ಮರುದಿನ ಕೇಂದ್ರದ ಕಿರಿಯ ಎಂಜಿನಿಯರ್ ಹುಡುಗಿಯನ್ನು ಕೂರಿಸಿಕೊಂಡು ಆ ದಿನದ ಕಾಳಗವನ್ನು ಮತ್ತೆ ಓಡಿಸಿದರು. ಅಣಕು ಯುದ್ಧದ ಅನುಕೂಲವೇ ಅದು. ಎಷ್ಟು ಸಲ ಬೇಕಾದರೂ ನಡೆಸಿ ನೋಡಬಹುದು. ಫಿರಂಗಿಗೆ ಗುರಿ ಕೊಡುವ ಕೋಣೆಯ ಪರದೆಯಲ್ಲಿ ಸಾಲು ಸಾಲು ಟ್ರಕ್ಕುಗಳು. ಯಾವುದಕ್ಕೂ ಉಂಗುರವಿಲ್ಲ.

"ಇದನ್ನೇ ಸಮಿತಿ ನೋಡಿದ್ದು," ಹುಡುಗಿ ಹೇಳಿದಳು.

"ಬಯಲಿಂದ ಬಂದ ಸಂಕೇತವನ್ನ ಬೇರೆಯಾಗಿ ನೋಡಬಹುದಾ? ಇಲ್ಲಿಗೆ ಬರೋ ಮೊದಲು?"

"ನೋಡಬಹುದು. ಆದ್ರೆ ಸ್ವಿಚ್ಚೇ ಆಫ್ ಇತ್ತಲ್ಲ ಸಾರ್, ಏನಿರುತ್ತೆ ಅಂತ ಯಾರು ನೋಡ್ತಾರೆ?"

"ನೀವು ನೋಡಿ."

ಆಕೆ ಪಕ್ಕದ ಪರದೆಯಲ್ಲಿ ಅದನ್ನೂ ಓಡಿಸಿದಳು. ಎರಡು ಪರದೆ, ಒಂದೇ ಬಯಲು, ಒಂದೇ ಹೊತ್ತು. ಬಯಲಿನ ಸಂಕೇತ ತೋರಿಸುತ್ತಿದ್ದ ಎಡಗಡೆಯ ಪರದೆಯಲ್ಲಿ ಒಂದು ಟ್ರಕ್ಕಿನ ಸುತ್ತ ಕೆಂಪು ಉಂಗುರ ಹೊಳೆಯುತ್ತಿತ್ತು. ಬಲಗಡೆ ಅದೇ ಟ್ರಕ್ಕು ಬರಿದಾಗಿ ನೆರಳುಗಳ ನಡುವೆ ಸೇರಿಕೊಂಡಿತು. ಸ್ವಲ್ಪ ಹೊತ್ತಿಗೆ ಬಲಗಡೆ ಗುಂಡಿನ ಗುರುತು ಬಿತ್ತು. ಎಡಗಡೆಯ ಉಂಗುರ ಆರಿತು.

ಹುಡುಗಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

"ಇವೆರಡರ ನಡುವೆ ಏನಿದೆ?"

"ಭಾಷೆ," ಎಂದಳು. "ಭಾಷಾಂತರ ಮಾಡೋ ಪ್ರೋಗ್ರಾಂ. ಅಲ್ಲೇ ಉಂಗುರ ಕಿತ್ತು ಹಾಕಿದ್ದಾರೆ. ಅದನ್ನ ಮುಟ್ಟೋ ಅಧಿಕಾರ ಮೇಷ್ಟ್ರಿಗೆ ಬಿಟ್ಟು ಇನ್ಯಾರಿಗೂ ಇಲ್ಲ."

ಮಧ್ಯಾಹ್ನ ಇನ್ಸ್‌ಪೆಕ್ಟರ್ ಮಹಿಳಾ ಕಾನ್‌ಸ್ಟೇಬಲ್ ಜೊತೆ ದೂರುದಾರಳ ಮನೆಗೆ ಹೋದರು. ಎರಡು ಕೋಣೆಯ ಮನೆ. ಬಾಗಿಲ ಹಿಂದಿನ ಮೊಳೆಗೆ ಗಂಡಸಿನ ಜಾಕೆಟ್ಟು ಇನ್ನೂ ನೇತಾಡುತ್ತಿತ್ತು. ಮಗು ನೆಲದ ಮೇಲೆ ಕೂತು ಬಣ್ಣ ಬಳಿಯುತ್ತಿತ್ತು.

"ಆ ಕನ್ನಡಕ ಬೇಕಾಗಿತ್ತಮ್ಮ. ಜಪ್ತಿ ಮಾಡ್ಕೋಬೇಕು."

"ಯಾಕೆ?"

"ಸಾಕ್ಷ್ಯಕ್ಕೆ. ಟ್ರಕ್ಕಿನೊಳಗೆ ಯಾರು ಹೋಗಿದ್ರು ಅನ್ನೋದಕ್ಕೆ."

ಆಕೆ ಎದ್ದು ಕಪಾಟು ತೆರೆದಳು. ಕರವಸ್ತ್ರದ ಗಂಟು ಬಿಚ್ಚುವಾಗ ಕೈ ನಿಧಾನವಾಯಿತು. ಆಮೇಲೆ ನಿಂತೇ ಹೋಯಿತು.

"ಟ್ರಕ್ಕಿನ ಹತ್ರ ಹೋಗೇ ಇಲ್ಲ ಅಂದ್ನಾ ಅಣ್ಣ?"

ಇನ್ಸ್‌ಪೆಕ್ಟರ್ ಜಪ್ತಿಯ ಕಾಗದ ಬಿಡಿಸಿದರು. ಮಹಿಳಾ ಕಾನ್‌ಸ್ಟೇಬಲ್ ಮಗುವಿನ ಪಕ್ಕ ಕೂತು, "ಇದೇನ್ ಪುಟ್ಟಿ, ಆನೆನಾ?" ಎಂದು ಕೇಳಿದಳು.

"ಅಲ್ಲ, ಮಾವನ ಕಾರು," ಮಗು ಹೇಳಿತು.

"ಅವತ್ತು ಬೆಳಿಗ್ಗೆ ಇವರು ಅಣ್ಣನಿಗೆ ಫೋನ್ ಮಾಡಿದ್ರು," ಆಕೆ ಹೇಳಿದಳು. "ನಾನು ಪಕ್ಕದಲ್ಲೇ ಇದ್ದೆ. 'ಭಾವ, ಇವತ್ತು ಬಯಲಿಗೆ ನಾನೇ ಹೋಗ್ತಿದೀನಿ, ನನ್ನ ಉಂಗುರದ ಮೇಲೆ ಕಣ್ಣಿಡಿ' ಅಂದ್ರು. ತಮಾಷೆಗೆ ಅಂದಿದ್ದು." ಕನ್ನಡಕವನ್ನು ಮೇಜಿನ ಮೇಲಿಟ್ಟಳು. "ಇದನ್ನೂ ಹೇಳಿಕೇಲಿ ಸೇರಿಸಿ."

ಸಂಜೆ ನಾಲ್ಕೂವರೆಗೆ ಮೇಷ್ಟ್ರನ್ನು ಠಾಣೆಗೆ ಕರೆಸಿದರು. ಮೇಜಿನ ಮೇಲೆ ಕನ್ನಡಕವಿತ್ತು. ಅವನು ಅದನ್ನು ನೋಡಿದ, ಆಮೇಲೆ ಕುರ್ಚಿಯಲ್ಲಿ ಕೂತ.

"ಟ್ರಕ್ಕಿನ ಹತ್ರ ಹೋಗಿರಲಿಲ್ಲ ಅಂದ್ರಿ."

ಅವನು ಕುರ್ಚಿಯನ್ನು ಮೇಜಿನಿಂದ ಹಿಂದಕ್ಕೆ ಸರಿಸಿದ.

"ಉಂಗುರ ಯಾಕೆ ತೆಗೆದ್ರಿ?"

"ತಾಲೀಮಲ್ಲೆಲ್ಲಾ ಕಾಳಗ ನಿಂತು ನಿಂತು ಹೋಗ್ತಿತ್ತು ಸಾರ್. ಉಂಗುರ ಕಂಡ್ರೆ ಸಾಕು, ನಿಲ್ಲೋದು, ಕೇಳೋದು. ಅವತ್ತು ದೊಡ್ಡವರೆಲ್ಲ ನೋಡೋಕೆ ಬಂದಿದ್ರು. ಅವರ ಮುಂದೆ ನನ್ನ ಭಾಷೆ ತೊದಲಬಾರದಿತ್ತು. ಒಂದು ದಿನದ ಮಟ್ಟಿಗೆ ಅಂತ ತೆಗೆದೆ. ರಾತ್ರಿ ಮತ್ತೆ ಹಾಕಿದೆ."

"ಭಾವ ಬಯಲಲ್ಲಿದ್ದಾರೆ ಅಂತ ಗೊತ್ತಿತ್ತು."

"ಅಷ್ಟೊತ್ತಿಗೆ ವಾಪಸ್ ಬಂದಿರ್ತಾರೆ ಅಂದ್ಕೊಂಡೆ."

"ಅಂದ್ಕೊಂಡ್ರಿ. ವಿಚಾರಿಸಲಿಲ್ಲ."

"ಇಲ್ಲ."

"ಆಮೇಲೆ ಸ್ವಿಚ್ಚು."

ಅವನು ಅಂಗೈಗಳನ್ನು ಮೊಣಕಾಲಿಗೆ ಉಜ್ಜಿಕೊಂಡ. "ಸತ್ತವರಿಗೆ ಇನ್ನೇನು ಹೋಗುತ್ತೆ ಸಾರ್? ಕೆಲಸ ಹೋಗಲ್ಲ, ಮರ್ಯಾದೆ ಹೋದ್ರೂ ಅವರಿಗೆ ಗೊತ್ತಾಗಲ್ಲ. ನಾನು ಒಳಗೆ ಹೋದ್ರೆ ತಂಗಿಗೆ ಯಾರಿದ್ದಾರೆ? ಅವಳಿಗೋಸ್ಕರ..."

"ಅವಳನ್ನ ಕೇಳಿದ್ರಾ?"

ಅವನು ತಲೆ ತಗ್ಗಿಸಿದ. ಐದೂ ಹತ್ತಕ್ಕೆ ಬಂಧನ ದಾಖಲಾಯಿತು. ಎಫ್‌ಐಆರ್‌ಗೆ ಸಾಕ್ಷ್ಯನಾಶದ ಆರೋಪವೂ ಸೇರಿತು. ಜನರನ್ನು ಕೊಲ್ಲುವ ಮನಸ್ಸು ಆ ಮನುಷ್ಯನಿಗಿರಲಿಲ್ಲ. ತಪ್ಪು ತಿಳಿಯಲು ಜಾಗವೇ ಇಲ್ಲದ ಭಾಷೆಯೊಂದನ್ನು ಕಟ್ಟಿದೆ ಎಂಬ ಹೆಮ್ಮೆಯಿತ್ತು. ಆ ಭಾಷೆಯಲ್ಲಿ ತಪ್ಪು ಕಂಡಾಗ ಅದನ್ನು ಇಡಲು ಅವನಿಗೆ ಸಿಕ್ಕಿದ ಜಾಗ ಸತ್ತ ಭಾವನ ಕೈ.

"ಬಂಧನದ ವಿಷಯ ಹತ್ತಿರದ ಸಂಬಂಧಿಗೆ ತಿಳಿಸಬೇಕು," ಹೆಡ್ ಕಾನ್‌ಸ್ಟೇಬಲ್ ಹೇಳಿದ. "ಯಾರಿಗೆ ತಿಳಿಸಲಿ?"

ಮೇಷ್ಟ್ರು ಮದುವೆಯಾಗಿರಲಿಲ್ಲ.

"ತಂಗಿಗೆ," ಎಂದ.

ಇನ್ಸ್‌ಪೆಕ್ಟರ್ ತಾವೇ ಫೋನ್ ಮಾಡಿದರು. ನಿಯಮದಲ್ಲಿರುವಷ್ಟನ್ನು ಹೇಳಿದರು. ಮಗು ಏನೋ ಕೇಳುತ್ತಿದ್ದುದು ದೂರದಿಂದ ಕೇಳಿಸಿತು.

"ಒಂದು ಕೇಳಲಾ ಸಾರ್?" ಆಕೆ ಹೇಳಿದಳು. "ಅವತ್ತು ಅವನು ಹೋಗಿದ್ದು ಕನ್ನಡಕಕ್ಕಾ? ಕನ್ನಡಕ ಹುಡುಕೋಕೆ ಅಂತ ಹೋಗಿ, ಆಮೇಲೆ ಸ್ವಿಚ್ ಕಣ್ಣಿಗೆ ಬಿತ್ತಾ?"

ಅದರ ಉತ್ತರ ಇನ್ಸ್‌ಪೆಕ್ಟರ ಮುಂದಿದ್ದ ಮೇಷ್ಟ್ರ ಹೇಳಿಕೆಯಲ್ಲಿತ್ತು. ಅವರು ಅದನ್ನು ಮುಚ್ಚಿಡಬಹುದಿತ್ತು.

"ಇಲ್ಲಮ್ಮ. ಸ್ವಿಚ್ಚಿಗೇ ಹೋಗಿದ್ದು. ಒಳಗೆ ಹತ್ತುವಾಗ ಕನ್ನಡಕ ಕಾಲಿಗೆ ಸಿಕ್ಕಿದೆ. ಆ ಗಾಜು ಒಡೆದಿದ್ದು ಆಗಲೇ."



"ಸರಿ," ಎಂದಳು. "ತಿಳಿಸಿದ್ದೀರಿ ಅಂತ ಬರ್ಕೊಳ್ಳಿ."