ಹೊರೆಯಿಲ್ಲದ ಜೊತೆ

ಲ್ಯಾಬಿನ ಒಳಕೋಣೆಯಲ್ಲಿ ಎರಡು ಪುಟ್ಟ ಸಿಮೆಂಟ್ ಕಂಬಗಳಿದ್ದವು. ಒಂದೇ ಮಿಶ್ರಣ, ಒಂದೇ ದಿನ ಅಚ್ಚಿನಿಂದ ತೆಗೆದ ಅವಳಿಜವಳಿ. ಒಂದರ ತಲೆಯ ಮೇಲೆ ಸ್ಪ್ರಿಂಗಿನ ಭಾರ. ಇನ್ನೊಂದು ಸುಮ್ಮನೆ ಪಕ್ಕದಲ್ಲಿ. ಅದನ್ನು ಎಲ್ಲರೂ 'ಜೊತೆ' ಅನ್ನುತ್ತಿದ್ದರು. ದಿನಾ ಬೆಳಿಗ್ಗೆ ಎರಡೂ ಎಷ್ಟೆಷ್ಟು ಕುಗ್ಗಿವೆಯೆಂದು ಗೇಜ್ ಹಿಡಿದು ಅಳೆಯುವುದು ಅವಳ ಕೆಲಸ. ಕೂದಲೆಳೆಗಿಂತ ಸಣ್ಣ ಲೆಕ್ಕ ಅದು.

ಅಜ್ಜಿ ಹೋಗಿ ಎರಡು ತಿಂಗಳಾಗಿತ್ತು. ಅಂದಿನಿಂದ ಅವಳಿಗೆ ಅಳುವೂ ಬಂದಿರಲಿಲ್ಲ, ನಗುವೂ ಬಂದಿರಲಿಲ್ಲ. ಕಲ್ಲಾಗಿ ನಿಂತ ರಾಜಕುಮಾರಿಯ ಕಥೆಯನ್ನು ಅಜ್ಜಿ ಎಷ್ಟು ಸಲ ಹೇಳಿದ್ದಳೋ. ಕಲ್ಲಾದವಳ ಒಳಗೆ ಹೇಗಿರುತ್ತದೆ ಎಂದು ಮಾತ್ರ ಹೇಳಿರಲಿಲ್ಲ. ಏನೂ ಇರುವುದಿಲ್ಲ. ಕುಡಿದ ಟೀ ಬಿಸಿಯಿತ್ತೋ ತಣ್ಣಗಿತ್ತೋ ಗೊತ್ತಾಗುವುದಿಲ್ಲ, ಅಷ್ಟೇ.

ಆ ಶುಕ್ರವಾರ ಮೇಡಂ ಬಂದು, ಅಚ್ಚು ಹಾಕುವ ಅಚ್ಚುರಾಯನನ್ನು ಬೇರೆ ಲ್ಯಾಬಿನವರು ಕೆಲಸಕ್ಕೆ ಕರೆದಿದ್ದಾರೆ, ಸೋಮವಾರ ಉತ್ತರ ಕೊಡಬೇಕಂತೆ ಎಂದರು. ಅವಳು 'ಹೌದಾ' ಎಂದು ಅಳತೆ ಪುಸ್ತಕದ ಪುಟ ತಿರುವಿದಳು. ಆಗ ಕಣ್ಣಿಗೆ ಬಿತ್ತು. ಅವಳ ಪೆನ್ನಿನ ಅಂಕಿಗಳ ಪಕ್ಕ, ದಿನವೂ ಸಣ್ಣ ಪೆನ್ಸಿಲ್ ಅಂಕಿಗಳು. ಎರಡು ತಿಂಗಳಿಂದ ಅವಳು ಭಾರ ಹೊತ್ತದ್ದರ ಅಳತೆಯನ್ನು ಜೊತೆಯ ಕಾಲಮ್ಮಿನಲ್ಲೂ, ಜೊತೆಯದನ್ನು ಭಾರದ ಕಾಲಮ್ಮಿನಲ್ಲೂ ಬರೆಯುತ್ತಾ ಬಂದಿದ್ದಳು. ಯಾರೋ ದಿನಾ ಮತ್ತೆ ಅಳೆದು ಸರಿ ಮಾಡಿದ್ದರು.

ಲ್ಯಾಬಿನಲ್ಲಿ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಳ್ಳುತ್ತಿದ್ದವನು ಒಬ್ಬನೇ.

"ಹೇಳ್ಬಾರ್ದಿತ್ತಾ?" ಎಂದು ಅವನ ಮುಂದೆ ಪುಸ್ತಕ ಇಟ್ಟಳು.

ಅಚ್ಚಿಗೆ ಎಣ್ಣೆ ಸವರುವ ಕೈ ನಿಲ್ಲಲಿಲ್ಲ. ಪೆನ್ಸಿಲ್ ಇದ್ದ ಕಿವಿ ಮಾತ್ರ ಕೆಂಪಾಯಿತು. "ಮೊದಲೇ ಭಾರ ಇತ್ತು ನಿಮ್ ಮೇಲೆ. ನಾನೂ ಒಂದು ಯಾಕೆ ಹೇರ್ಲಿ?"

"ನಿಮಗೇನು, ಆರಾಮಾಗಿದೀರ."

"ಜೊತೆ ನೋಡಿಲ್ವಾ? ತಲೆ ಮೇಲೆ ಏನೂ ಇಲ್ಲ. ಆದ್ರೂ ಕುಗ್ಗುತ್ತೆ. ಪಕ್ಕದಲ್ಲಿ ನಿಂತು, ಬರೀ ಒಣಗಿ ಒಣಗಿ."

ಅವನು ತಲೆಯೆತ್ತಿದ. ರೆಪ್ಪೆಗಳ ಮೇಲೆ ಸಿಮೆಂಟಿನ ಪುಡಿ, ಅಕಾಲದಲ್ಲಿ ಮುದುಕನಾದವನ ಹಾಗೆ. ಅವಳೊಳಗೆ ಏನೋ ಅಲುಗಿತು. ಕೂದಲೆಳೆಗಿಂತ ಕಡಿಮೆ; ಗೇಜ್ ಹಿಡಿದರಷ್ಟೇ ಸಿಕ್ಕೀತು.

"ಭಾರ ತೆಗೆದ್ರೆ ಅದು ಮೊದಲಿನ ಹಾಗೆ ಆಗುತ್ತಾ?"

"ಪೂರ್ತಿ ಇಲ್ಲ. ಒಂಚೂರು ತಕ್ಷಣ. ಇನ್ನೊಂಚೂರು ನಿಧಾನಕ್ಕೆ. ಅಳೀತಾನೇ ಇರ್ಬೇಕು."

"ಎಷ್ಟು ದಿನ?"

"ವರ್ಷಗಟ್ಟಲೆ."

ಅವಳು ಅವನ ಕಿವಿಯಿಂದ ಪೆನ್ಸಿಲ್ ತೆಗೆದುಕೊಂಡು, ಬರುವ ಸೋಮವಾರದ ಖಾಲಿ ಸಾಲಿನಲ್ಲಿ 'ಅಳೆದವರು' ಎಂಬಲ್ಲಿ 'ಇಬ್ಬರೂ' ಎಂದು ಬರೆದಳು.

"ನಂಗಿನ್ನೂ ಕಾಲಮ್ ತಪ್ಪುತ್ತೆ," ಎಂದಳು. "ಹೋಗ್ಬೇಡಿ."

ಅವನು ಎಣ್ಣೆಗೈ ಒರೆಸಿಕೊಂಡು ಆ ಒಂದು ಪದವನ್ನು ತುಂಬಾ ಹೊತ್ತು ಓದಿದ.

"ಸರಿ. ಆದ್ರೆ ಬೇಕಂತಲೇ ತಪ್ಪು ಬರೀಬಾರ್ದು ಮತ್ತೆ."