ಮೂರು ಇಂಚು ಹೊಟ್ಟೆಕಿಚ್ಚು

"ಏನ್ರೀ ಇದು? ಹದಿನೆಂಟರ ಪಟ್ಟಿ ನಾಲ್ಕು ಬೇಕು ಅಂದ್ರೆ ಇದನ್ನ ತಂದಿಟ್ಟಿದ್ದೀರಲ್ಲ!"

ಮೊದಲ ದಿನ, ಮೊದಲ ಮಾತು. ಅವಳು ಗರಗಸ ಕೆಳಗಿಟ್ಟು ತಲೆಯೆತ್ತಿದಳು.

"ಹದಿನೆಂಟೇ ಇದೆ. ಬೇಕಾದ್ರೆ ಅಳೆದು ನೋಡ್ಕೊಳ್ಳಿ."

"ನಾನು ಹೇಳಿದ್ದು ಹದಿನೆಂಟು ಎಂಎಂ ದಪ್ಪ!"

"ಎಂಎಂ ಅಂತ ಬಾಯಿಬಿಟ್ಟು ಹೇಳಿದ್ರಾ? ಈ ಅಂಗಡೀಲಿ ಬರೀ ಹದಿನೆಂಟು ಅಂದ್ರೆ ಹದಿನೆಂಟು ಇಂಚು. ನಮ್ಮಜ್ಜನ ಕಾಲದಿಂದ್ಲೂ ಹಾಗೇ!"

ಅವನು ಕೈಯಲ್ಲಿದ್ದ ನಾಲ್ಕು ಉದ್ದನೆಯ ಪಟ್ಟಿ ನೋಡಿದ, ಅವಳ ಮುಖ ನೋಡಿದ... ಆಮೇಲೆ ಜೋರಾಗಿ ನಕ್ಕುಬಿಟ್ಟ.

'ದೇವರೇ! ಇವನು ಬೈದಿದ್ದರೇ ಚೆನ್ನಾಗಿತ್ತು' ಎಂದುಕೊಂಡಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮುಖ ತಿರುಗಿಸಿ ಮತ್ತೆ ಗರಗಸ ಎತ್ತಿಕೊಂಡಳು.

ಮರಗೆಲಸದ ಆ ಅಂಗಡಿ ಅವಳ ಅಪ್ಪನದು. ಈಗೀಗ ಗಿರಾಕಿಗಳು ತರುವ ನಕ್ಷೆಗಳೆಲ್ಲ ಮಿಲಿಮೀಟರಿನಲ್ಲೇ ಇರುವುದರಿಂದ ಅಪ್ಪ ಅವನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದರು. ಅವಳಿಗೋ ಅಡಿ, ಇಂಚು, ನೂಲು ಬಿಟ್ಟರೆ ಬೇರೆ ಲೆಕ್ಕವೇ ಬೇಡ. ಒಂದು ಇಂಚನ್ನು ಎಂಟು ಪಾಲು ಮಾಡಿದರೆ ಒಂದು ಪಾಲಿಗೆ ಬಡಗಿಗಳ ಬಾಯಲ್ಲಿ ಒಂದು ನೂಲು.

"ನೂಲು ಅಂದ್ರೆ ಬಟ್ಟೆ ಹೊಲಿಯೋದಲ್ವಾ?" ಎಂದು ರೇಗಿಸಿದವನಿಗೆ ಅವಳು 'ಮಿಲ್ಲಿ' ಎಂದು ಹೆಸರಿಟ್ಟಳು. ಅವನು ಸುಮ್ಮನಿರುತ್ತಾನೆಯೇ? ಅವಳನ್ನು 'ನೂಲಮ್ಮ' ಮಾಡಿದ.

ಅಳತೆಗೆ ಇದ್ದದ್ದು ಒಂದೇ ಟೇಪು. ಮೇಲಂಚಿನಲ್ಲಿ ಇಂಚು, ಕೆಳಂಚಿನಲ್ಲಿ ಮಿಲಿಮೀಟರ್. ಅವಳು ಒಂದು ತುದಿ ಹಿಡಿದರೆ ಅವನು ಇನ್ನೊಂದು. ಆರು ತಿಂಗಳಲ್ಲಿ ಮರ ಎಷ್ಟು ಅಳೆದರೋ, ಅವಳ ಮನಸ್ಸಂತೂ ಪೂರ್ತಿ ಅವನ ಕಡೆಗೆ ಜಾರಿತ್ತು. ಆದರೆ ಅವಳ ಕೆಲಸ ನೋಡಿ ಅವನು ಹೇಳುತ್ತಿದ್ದದ್ದು ಒಂದೇ ಮಾತು: "ಪರವಾಗಿಲ್ಲ."

ಆಮೇಲೆ ಬಂದಳು, ಇಂಟೀರಿಯರ್ ಮೇಡಂ!

ಎತ್ತರದ ಹೆಣ್ಣು. ಕೈಯಲ್ಲಿ ಟೇಪೂ ಇಲ್ಲ; ಗೋಡೆಗೆ ಕೆಂಪು ಬೆಳಕು ಬಿಟ್ಟು ಅಳತೆ ತೆಗೆಯುವ ಪುಟ್ಟ ಯಂತ್ರ.

"ಎರಡು ಸಾವಿರದ ನಾನೂರು ಬೈ ಆರುನೂರು. ಸರಿ ಹೋಗುತ್ತಲ್ವಾ?"

"ಪರ್ಫೆಕ್ಟ್ ಮೇಡಂ!"

ಇತ್ತ ಮರ ನಯಗೊಳಿಸುತ್ತಿದ್ದ ನೂಲಮ್ಮನ ಹತ್ತರಿ ಕರ್ರೆಂದು ಕಚ್ಚಿಕೊಂಡಿತು. 'ಪರ್ಫೆಕ್ಟಂತೆ! ನನಗೆ ಒಂದೇ ಒಂದು ಸಲ ಅಂದಿದ್ದಾನಾ?'

ಮೇಡಂ ವಾರಕ್ಕೆ ಮೂರು ಸಲ ಬರತೊಡಗಿದಳು. ಇಬ್ಬರೂ ನಕ್ಷೆಯ ಮೇಲೆ ಬಾಗಿ ಅಂಕಿಗಳಲ್ಲೇ ನಗುತ್ತಿದ್ದರು. ಇವಳಿಗೆ ಮೈಯೆಲ್ಲ ಉರಿ. ಅಂಕಿಗೆ ನಗುವವರನ್ನು ಯಾರಾದರೂ ಕಂಡಿದ್ದಾರೆಯೇ!

ಶುಕ್ರವಾರ ಅಪ್ಪ ಮೆಲ್ಲಗೆ ಹೇಳಿದರು. "ಪುಟ್ಟೀ... ಆ ಮೇಡಂ ಹೊಸದಾಗಿ ದೊಡ್ಡ ಕಾರ್ಖಾನೆ ಹಾಕ್ತಿದ್ದಾರಂತೆ. ನಮ್ಮ ಹುಡುಗನ್ನ ಮೇಸ್ತ್ರಿ ಮಾಡ್ತೀನಿ ಅಂತ ಕರೆದಿದ್ದಾರೆ. ನಾಳೆ ಉತ್ತರ ಕೊಡಬೇಕಂತೆ."

"ಹೋಗ್ಲಿ ಬಿಡಪ್ಪಾ. ನನಗೇನು?"

ಬಾಯಿ ಹಾಗೆಂದಿತು. ಆ ರಾತ್ರಿ ಊಟ ಮಾತ್ರ ತಟ್ಟೆಯಲ್ಲೇ ಉಳಿಯಿತು.

ಶನಿವಾರ ಮಧ್ಯಾಹ್ನ ಅವನು ಊಟಕ್ಕೆ ಹೋಗಿದ್ದಾಗ ಅವಳು ಮೊಳೆ ಹುಡುಕುತ್ತಾ ಹಿಂದಿನ ಕೋಣೆಗೆ ಹೋದಳು. ಮೂಲೆಯಲ್ಲಿ ಬಟ್ಟೆ ಮುಚ್ಚಿಟ್ಟ ಏನೋ ಒಂದು. ಎತ್ತಿ ನೋಡಿದರೆ, ಮೇಜಿನ ಚೌಕಟ್ಟು! ಹಲಗೆ ಇನ್ನೂ ಕೂರಿಸಿರಲಿಲ್ಲ. ನಾಲ್ಕು ಕಾಲುಗಳಿಗೂ ಕನ್ನಡಿಯಂಥ ನುಣುಪು. ಇಷ್ಟು ಮುದ್ದಿನಿಂದ ಅವನು ಏನನ್ನೂ ಮಾಡಿದ್ದು ಅವಳು ನೋಡಿರಲಿಲ್ಲ.

ಮೇಲೊಂದು ಚೀಟಿ, ಅವನದೇ ಕೈಬರಹ.

'ಅವಳಿಗೆ. ಅವಳ ಎತ್ತರ 1575. ಮೇಜು 790. ಶನಿವಾರ ಹೇಳಿಬಿಡಬೇಕು.'

ಮಿಲಿಮೀಟರ್ ಅಂದರೆ ಮೇಡಂ. ಇನ್ಯಾರು?

'ಅವಳ ಎತ್ತರ ಬೇರೆ ಅಳೆದಿದ್ದಾನೆ! ಯಾವಾಗ ಅಳೆದ? ಹೇಗೆ ಅಳೆದ?'

ಮುಂದಿನದನ್ನು ಅವಳ ಕೈ ಮಾಡಿತು, ತಲೆಯಲ್ಲ. ಚೌಕಟ್ಟನ್ನು ಬೋರಲು ಹಾಕಿದಳು. ಪ್ರತಿ ಕಾಲಿನಲ್ಲೂ ಮೂರು ಇಂಚಿಗೆ ಗೀಟು ಎಳೆದಳು. ಗರಗಸ ಹಿಡಿದು ನಾಲ್ಕೂ ಕಾಲು ಕೊಯ್ದೇಬಿಟ್ಟಳು!

"ಬಗ್ಗಿ ಬಗ್ಗಿ ಸೊಂಟ ನೋಯಲಿ, ಪರ್ಫೆಕ್ಟ್ ಮೇಡಂಗೆ!"

ಕೊಯ್ದಾಯಿತು. ಆದರೂ ಹೊಟ್ಟೆಯ ಬೆಂಕಿ ಆರಲಿಲ್ಲ. ಅಷ್ಟಕ್ಕೂ ಎಷ್ಟು ಎತ್ತರವಂತೆ ಮಹಾರಾಣಿ? ಟೇಪು ಎಳೆದು ಕೆಳಂಚಿನಲ್ಲಿ 1575 ಹುಡುಕಿ ಬೆರಳಿಟ್ಟಳು. ಮೇಲಂಚು ನೋಡಿದಳು.

ಅರವತ್ತೆರಡು ಇಂಚು. ಐದು ಅಡಿ ಎರಡು.

ಐದು ಅಡಿ ಎರಡು?

ಕೋಣೆಯ ಬಾಗಿಲ ಚೌಕಟ್ಟಿನಲ್ಲಿ ಅಪ್ಪ ವರ್ಷಕ್ಕೊಂದರಂತೆ ಉಳಿಯಿಂದ ಕೆತ್ತಿದ ಗೀಟುಗಳಿದ್ದವು, ಮಗಳು ಬೆಳೆದ ಲೆಕ್ಕ. ಓಡಿಹೋಗಿ ಟೇಪು ಇಟ್ಟಳು. ಕೊನೆಯ ಗೀಟಿಗೆ ಸರಿಯಾಗಿ 1575. ಮೇಡಂ ಅಲ್ಲಿ ನಿಂತರೆ ಆ ಗೀಟು ಅವಳ ತುಟಿಯ ಹತ್ತಿರ ಬಂದೀತು, ಅಷ್ಟೆ.

'ಅಯ್ಯೋ... ನನಗಾ? ಇದು ನನಗಾ?'

ಅಪ್ಪನ ಕೆಲಸದ ಮೇಜು ಮೂವತ್ನಾಲ್ಕು ಇಂಚು ಎತ್ತರ. ಅವಳಿಗೆ ಎಟುಕುವುದಿಲ್ಲವೆಂದು ಮೂರು ಇಂಚು ದಪ್ಪದ ಹಲಗೆಯೊಂದನ್ನು ಕಾಲ ಕೆಳಗೆ ಹಾಕಿಕೊಂಡು ಹತ್ತಿ ನಿಲ್ಲುತ್ತಿದ್ದಳು. ದಿನಕ್ಕೆ ನಾಲ್ಕು ಸಲ ಎಡವುತ್ತಿದ್ದಳು. ಅದನ್ನು ನೋಡಿದವನು ಒಬ್ಬನಿದ್ದ.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಅವಳು ನಾಲ್ಕು ತುಂಡುಗಳನ್ನು ಮಡಿಲಲ್ಲಿಟ್ಟುಕೊಂಡು ಹೊಟ್ಟಿನ ರಾಶಿಯ ಮೇಲೆ ಕುಸಿದು ಕೂತಳು.

ಅವನು ಬಂದಾಗ ಅವಳು ಅಲ್ಲೇ ಇದ್ದಳು, ಅಳುತ್ತಾ.

"ನೂಲಮ್ಮ! ಏನಾಯ್ತು? ಕೈ ಕೊಯ್ಕೊಂಡ್ರಾ?"

"ಕೈಯಲ್ಲ... ಕಾಲು. ನಾಲ್ಕೂ ಕಾಲು."

ಅವನು ಚೌಕಟ್ಟು ನೋಡಿದ. ಮುಖದ ಬಣ್ಣವೇ ಹೋಯಿತು. ಎರಡು ತಿಂಗಳ ಊಟದ ಬಿಡುವೆಲ್ಲ ಆ ಕಾಲುಗಳಲ್ಲಿತ್ತು.

"ಯಾಕೆ?"

"ಹೊಟ್ಟೆಕಿಚ್ಚು." ಸುಳ್ಳು ಹೇಳಲು ಅವಳಿಗೆ ಮನಸ್ಸು ಬರಲಿಲ್ಲ. "ಮೇಡಂಗೆ ಅಂದ್ಕೊಂಡೆ. ನೀವು ಅವರ ಹತ್ರ ಹೋಗ್ತೀರಿ ಅಂತ... ನನಗೆ ಸಹಿಸೋಕೆ ಆಗ್ಲಿಲ್ಲ. ನೀವಿಲ್ಲದೆ ಆ ಟೇಪಿನ ಇನ್ನೊಂದು ತುದಿ ನಾನು ಯಾರ ಕೈಗೆ ಕೊಡಲಿ?"

ಅವನು ಚೌಕಟ್ಟನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಆಮೇಲೆ ಅವಳೆದುರು ಮಂಡಿಯೂರಿ ಕೂತ.

"ಬೆಳಗ್ಗೇನೇ ಮೇಡಂಗೆ ಬರೋಲ್ಲ ಅಂತ ಹೇಳ್ದೆ. ಶನಿವಾರ ಹೇಳಬೇಕು ಅಂತ ಬರೆದಿದ್ದು ನಿನಗೆ ಕಣೇ, ದಡ್ಡಿ!"

ರೀ ಹೋಗಿ ಕಣೇ ಬಂದಿತ್ತು. ಇಬ್ಬರಿಗೂ ಅದು ಕೇಳಿಸಿತು.

"ಈ ತುಂಡುಗಳನ್ನೇ ಅಂಟಿಸೋಣ್ವಾ?" ಎಂದಳು ಮೂಗು ಒರೆಸಿಕೊಳ್ಳುತ್ತಾ.

"ನಿಲ್ಲಲ್ಲ. ಅಗಲದ ಪಾದ ಬೇಕು." ಅವನು ಹೊರಗೆ ಹೋಗಿ ಅವಳು ಹತ್ತಿ ನಿಲ್ಲುತ್ತಿದ್ದ ಹಲಗೆ ಎತ್ತಿಕೊಂಡು ಬಂದ. "ಇದು ಮೂರು ಇಂಚು ದಪ್ಪ ತಾನೇ? ಇನ್ಮೇಲೆ ನೀನಿದನ್ನ ಹತ್ತಬೇಕಾಗಿಲ್ಲ."

ಹಲಗೆಯನ್ನು ನಾಲ್ಕು ತುಂಡು ಮಾಡಿದರು. ಅಂಟು ಬಳಿದು, ಸ್ಕ್ರೂ ಬಿಗಿದು ಕಾಲುಗಳಿಗೆ ಪಾದ ಕೊಟ್ಟರು. ಮುಂದಿನ ಕೋಣೆಯಿಂದ ಅಪ್ಪನ ಕೆಮ್ಮು ಕೇಳಿತು. "ಅಂಟು ಒಣಗೋವರೆಗೂ ಇಬ್ರೂ ಬಿಗಿಯಾಗಿ ಹಿಡ್ಕೊಂಡಿರಿ! ನಾನು ಒಳಗೆ ಬರಲ್ಲ!"

ಸಂಜೆ ಮೇಲಿನ ಹಲಗೆಯನ್ನೂ ಕೂರಿಸಿ ಟೇಪು ಇಟ್ಟರು. ಅವನು ಕೆಳಂಚು ನೋಡಿ ಮುಖ ಹುಳ್ಳಗೆ ಮಾಡಿದ.

"ಏಳುನೂರ ಎಂಬತ್ತೇಳು. ಮೂರು ಎಂಎಂ ಕಮ್ಮಿ!"

"ಮೂವತ್ತೊಂದು ಇಂಚು, ಕರಾರುವಾಕ್ಕು!" ಅವಳು ಮೇಲಂಚು ನೋಡಿ ಚಪ್ಪಾಳೆ ತಟ್ಟಿದಳು. "ಅಪ್ಪನ ಮೇಜಿನ ಮೂವತ್ನಾಲ್ಕರಲ್ಲಿ ನನ್ನ ಹಲಗೆಯ ಮೂರು ಹೋದ್ರೆ ಮೂವತ್ತೊಂದು. ನಿನ್ನ ಲೆಕ್ಕದಲ್ಲೇ ಒಂದು ನೂಲು ಜಾಸ್ತಿ ಇತ್ತು. ನನ್ನ ಗರಗಸ ಅದನ್ನ ತಿಂದು ಸರಿ ಮಾಡ್ತು!"

ಅವನು ಸೋತು ನಕ್ಕ. ಮೊದಲ ದಿನದ ಅದೇ ನಗು.

ಅವಳು ಹೊಸ ಮೇಜಿನ ಮುಂದೆ ಬರೀ ನೆಲದ ಮೇಲೆ ನಿಂತು ಅದರ ಮೇಲೆ ಕೈಯೂರಿದಳು. "ಹೇಗಿದೆ, ಹೇಳು."

"ಪರವಾಗಿಲ್ಲ."

"ಮತ್ತೆ ಪರವಾಗಿಲ್ಲ! ಅವಳಿಗೆ ಮಾತ್ರ ಪರ್ಫೆಕ್ಟಾ?"

"ಪರ್ಫೆಕ್ಟ್ ಅನ್ನೋದು ಗಿರಾಕಿಗಳಿಗೆ ಕಣೇ." ಅವನು ಅವಳ ಕೂದಲಲ್ಲಿ ಸಿಕ್ಕಿದ್ದ ಮರದ ಹೊಟ್ಟು ತೆಗೆದ. "ಪರವಾಗಿಲ್ಲ ಅನ್ನೋದು ಮನೆಯವರಿಗೆ."

"ಯಾರಿಗೆ?"

"ನಮ್ಮ ಮನೆಯವರಿಗೆ."

ಅವಳು ಕೆನ್ನೆ ಕೆಂಪಾಗಿ ತಲೆತಗ್ಗಿಸಿದಳು.

"ಇನ್ನೊಂದು ಸಲ ಹೇಳು," ಎಂದಳು. "ಸರಿಯಾಗಿ ಕೇಳಿಸ್ಲಿಲ್ಲ."